ಸಾಗವಾನಿ ಎಲೆ ತಿನ್ನುವ ಪತಂಗ: ದಿನ ಎಣಿಸಿ ನೋಡುವ ಕ್ರಮ

ಧಾರವಾಡದಿಂದ ಅಳ್ನಾವರದ ಕಡೆಗೆ ಅಥವಾ ಹುಬ್ಬಳ್ಳಿಯಿಂದ ಕಲಘಟಗಿ ದಾಟಿ ಯಲ್ಲಾಪುರದ ಕಡೆಗೆ ಮುಂಗಾರಿನ ಆರಂಭದಲ್ಲಿ ಹೋಗಿಬಂದವರು ಒಂದಲ್ಲ ಒಂದು ವರ್ಷ ಈ ನೋಟವನ್ನು ಕಂಡಿರುತ್ತಾರೆ. ಸುತ್ತಲಿನ ಮತ್ತಿ, ಹೊನ್ನೆ, ಬೀಟೆಗಳೆಲ್ಲ ಹಸಿರು ತುಂಬಿ ನಿಂತಿರುವಾಗ ಸಾಗವಾನಿ ಮರಗಳು ಮಾತ್ರ, ದಪ್ಪ ನರಗಳಷ್ಟೇ ಉಳಿದ ಎಲೆಗಳನ್ನು ಹೊತ್ತುಕೊಂಡು, ಬೇಸಿಗೆಯಲ್ಲಿದ್ದಂತೆ ಬೋಳಾಗಿ ಕಾಣುತ್ತವೆ. ಇದು ರೋಗವಲ್ಲ, ಮಳೆಯ ಕೊರತೆಯ ಲಕ್ಷಣವೂ ಅಲ್ಲ. ಹೈಬ್ಲಿಯಾ ಪ್ಯೂರಾ ಎಂಬ ಪತಂಗದ ಮರಿಹುಳುಗಳು ಎರಡು ವಾರದೊಳಗೆ ಮಾಡಿ ಮುಗಿಸಿದ ಕೆಲಸ. ಡಚ್ ಕೀಟಶಾಸ್ತ್ರಜ್ಞ ಪೀಟರ್ ಕ್ರಾಮರ್ ಇದನ್ನು ವರ್ಣಿಸಿ ಇಟ್ಟ ಹೆಸರು 1777ರಲ್ಲಿ ಪ್ರಕಟವಾಯಿತು.

ಈ ಪತಂಗವನ್ನು ಅರಿಯಬೇಕೆನ್ನುವವರು, ಹಾಗೆಯೇ ಹೊಲದ ಬದುವಿನಲ್ಲಿ ಸಾಗವಾನಿ ಹಚ್ಚಿಕೊಂಡು ಪ್ರತಿ ಜೂನ್‌ನಲ್ಲಿ ಕಂಗಾಲಾಗುವವರು, ಇಬ್ಬರೂ ಮೊದಲು ರೂಢಿಸಿಕೊಳ್ಳಬೇಕಾದದ್ದು ದಿನ ಎಣಿಸುವುದನ್ನು. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಎರಡು ದಿನಕ್ಕೆ ಒಡೆಯುತ್ತದೆ, ಮರಿಹುಳು ಹತ್ತರಿಂದ ಹದಿನಾಲ್ಕು ದಿನ ತಿನ್ನುತ್ತದೆ, ಕೋಶದಲ್ಲಿ ಆರರಿಂದ ಎಂಟು ದಿನ ಕಳೆಯುತ್ತದೆ. ಸುಮಾರು ಮೂರು ವಾರಕ್ಕೆ ಒಂದು ತಲೆಮಾರು ಮುಗಿಯಿತು. ಗಿಡದ ಕೆಳಗೆ ನಿಂತು ಇಂದು ಎಷ್ಟನೆಯ ದಿನವೆಂದು ಹೇಳಬಲ್ಲವನಿಗೆ ಮುಂದೆ ಏನು ನಡೆಯುವುದೆಂದು ತಾನಾಗಿಯೇ ಗೊತ್ತಾಗುತ್ತದೆ. ಇದಕ್ಕೆ ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಕನ್ನಡಿ, ಒಂದು ನೋಟುಬುಕ್ಕು, ಹಳೆಯ ಬಿಳಿ ಧೋತರ, ಅಗಲ ಬಾಯಿಯ ಗಾಜಿನ ಬರಣಿ, ಬ್ಯಾಟರಿ.

ನೋಡುವುದಕ್ಕೆ ನಾಲ್ಕೈದು ವರ್ಷದ, ಕೈಗೆ ಎಲೆ ಸಿಗುವಂಥ ಗಿಡವನ್ನು ಆರಿಸಿಕೊಳ್ಳಬೇಕು. ದೊಡ್ಡ ಮರದಲ್ಲಿ ಎಲ್ಲವೂ ಮೂವತ್ತು ಅಡಿ ಮೇಲೆ ನಡೆಯುವುದರಿಂದ ಕುತ್ತಿಗೆ ನೋಯುವುದೇ ಲಾಭ. ಗದಗ, ರೋಣದ ಎರೆ ಭೂಮಿಯಲ್ಲಿ ನೀರು ನಿಲ್ಲುವ ಕಾರಣ ಸಾಗವಾನಿ ಸೊರಗುತ್ತದೆ. ಆ ಕಡೆಯವರು ಮಸಾರಿ ನೆಲದ ಬದುಗಳಲ್ಲಿ ಹುಡುಕುವುದು ಒಳಿತು. ಕಲಘಟಗಿ, ಹಾನಗಲ್ಲ, ಶಿಗ್ಗಾವಿಯ ಕಾಡಂಚಿನ ಊರುಗಳವರಿಗೆ ಹುಡುಕುವ ತೊಂದರೆಯೇ ಇಲ್ಲ. ಗಿಡ ಸಾಗವಾನಿಯೇ ಹೌದೋ ಎಂಬ ಅನುಮಾನವಿದ್ದರೆ ಚಿಗುರೆಲೆಯೊಂದನ್ನು ಅಂಗೈಯಲ್ಲಿ ತಿಕ್ಕಿದಾಗ ಕುಂಕುಮದಂಥ ಕೆಂಪು ಹತ್ತುತ್ತದೆ. ಎಳೆಯ ಕೊಂಬೆಯನ್ನು ಬೆರಳ ನಡುವೆ ಹೊರಳಿಸಿದರೆ ಅದು ಗುಂಡಗಿರದೆ ನಾಲ್ಕು ಮೂಲೆಯದಾಗಿರುವುದು ತಿಳಿಯುತ್ತದೆ. ತುಳಸಿಯ ದಂಟು ಕೂಡ ಹೀಗೆಯೇ ಇರುತ್ತದೆ, ಏಕೆಂದರೆ ಇಂದಿನ ವರ್ಗೀಕರಣದಲ್ಲಿ ಸಾಗವಾನಿಯೂ ತುಳಸಿಯೂ ಒಂದೇ ಕುಟುಂಬಕ್ಕೆ ಸೇರಿದವು. ಬೇಲಿಯ ಲಕ್ಕಿ ಗಿಡವೂ ಅದೇ ಕುಟುಂಬದ್ದು. ಲಕ್ಕಿಯನ್ನು ನೆನಪಿನಲ್ಲಿಡಿ, ಅದರ ಕೆಲಸ ಮುಂದಿದೆ.

ಎಣಿಕೆ ಆರಂಭವಾಗುವುದು ಮಳೆಯಿಂದ. ಸಾಗವಾನಿ ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತಿದ್ದು, ಭರಣಿ, ಕೃತ್ತಿಕಾ ಮಳೆಗಳ ಹೊತ್ತಿಗೆ ಚಿಗುರುತ್ತದೆ. ಹೆಣ್ಣು ಪತಂಗಕ್ಕೆ ಬೇಕಾದದ್ದು ಈ ಎಳೆಯ ಎಲೆ ಮಾತ್ರ. ಬಲಿತು ಒರಟಾದ ಎಲೆಯ ಮೇಲೆ ಅದು ಸಾಮಾನ್ಯವಾಗಿ ಮೊಟ್ಟೆ ಇಡುವುದಿಲ್ಲ. ಆದ್ದರಿಂದ ಅಡ್ಡಮಳೆ ಒಂದೆರಡು ಚೆನ್ನಾಗಿ ಬಿದ್ದು, ಎಲೆ ಅಂಗೈಯಷ್ಟಾದ ದಿನದಿಂದ ದಿನಬಿಟ್ಟು ದಿನ ಬೆಳಗಿನ ಹೊತ್ತು ಗಿಡದ ಬಳಿ ಹೋಗಬೇಕು. ರೋಹಿಣಿಯಿಂದ ಮಿರಗದವರೆಗೆ ತಪ್ಪಿಸಲೇಬಾರದು. ಎಲೆಯನ್ನು ಮಗುಚಿ ಹಿಂಬದಿಯನ್ನು, ಅದರಲ್ಲೂ ನರಗಳ ಪಕ್ಕವನ್ನು, ಭೂತಕನ್ನಡಿಯಿಂದ ನೋಡಬೇಕು. ಮೊಟ್ಟೆ ಸುಮಾರು ಒಂದು ಮಿಲಿಮೀಟರ್ ಉದ್ದದ, ಚಪ್ಪಟೆಯಾದ, ಬೆಳ್ಳಗಿನ ಚುಕ್ಕೆ. ಗುಂಪಾಗಿರದೆ ಒಂದೊಂದಾಗಿ ಇರುತ್ತದೆ. ಒಂದು ಹೆಣ್ಣು ಸುಮಾರು ಐನೂರು ಮೊಟ್ಟೆಗಳನ್ನು ಇಡಬಲ್ಲದು. ಒಂದೇ ಎಲೆಯ ಮೇಲೆ ಹತ್ತಾರು ಚುಕ್ಕೆ ಕಂಡರೆ ಬಹಳ ಪತಂಗಗಳು ಒಟ್ಟಿಗೇ ಬಂದಿಳಿದಿವೆ ಎಂದು ತಿಳಿದು ಆ ದಿನವನ್ನು ಒಂದನೆಯ ದಿನವೆಂದು ಬರೆದುಕೊಳ್ಳಬೇಕು.

ಮೊದಲ ನಾಲ್ಕೈದು ದಿನ ಹುಳು ಬಲು ಚಿಕ್ಕದು. ನರದ ಪಕ್ಕದ ತಗ್ಗಿನಲ್ಲಿ ನಾಲ್ಕು ನೂಲೆಳೆ ಹೊದ್ದುಕೊಂಡು ಎಲೆಯ ಮೇಲ್ಪದರವನ್ನಷ್ಟೇ ಕೆರೆದು ತಿನ್ನುತ್ತಿರುವುದರಿಂದ ದೂರಕ್ಕೆ ಏನೂ ಕಾಣುವುದಿಲ್ಲ. ಬಹುಪಾಲು ಜನ ಇಲ್ಲಿಯೇ ಮೋಸ ಹೋಗುತ್ತಾರೆ. ಗಿಡ ಹಸಿರಾಗಿದೆ, ಹುಳವಿಲ್ಲ ಎಂದು ಮನೆಗೆ ಹೋಗಿಬಿಡುತ್ತಾರೆ.

ನೋಡಲೇಬೇಕಾದದ್ದು ಹುಳು ಎರಡು ಸಲ ಪೊರೆ ಕಳಚಿ ಮೂರನೆಯ ಹಂತಕ್ಕೆ ಬಂದಾಗಿನ ಕೆಲಸ. ಅದು ಎಲೆಯ ಅಂಚಿನಿಂದ ಒಳಗೆ ಎರಡು ಕಡೆ ಕತ್ತರಿಸುತ್ತದೆ. ಒಂದು ಬದಿಯನ್ನು ಮಾತ್ರ ಎಲೆಗೆ ಅಂಟಿದಂತೆ ಬಿಟ್ಟು, ಆ ತುಂಡನ್ನು ಲಕೋಟೆಯ ಬಾಯಿಯಂತೆ ಎಲೆಯ ಮೇಲೆ ಮಡಚಿ, ಅಂಚಿನ ಉದ್ದಕ್ಕೂ ನೂಲಿನಿಂದ ಅಲ್ಲಲ್ಲಿ ಹೊಲಿಗೆ ಹಾಕುತ್ತದೆ. ಈ ಮಡಿಕೆಯೇ ಅದರ ಮನೆ. ಹಗಲು ಹೊತ್ತು ಹೆಚ್ಚಾಗಿ ಒಳಗೇ ಇದ್ದು, ಕತ್ತಲಾದ ಮೇಲೆ ಹೊರಬಂದು ತಿಂದು ಮತ್ತೆ ಒಳಸೇರುತ್ತದೆ. ಬೆಳೆದಂತೆ ಹಳೆಯ ಮನೆ ಸಾಲದಾದಾಗ ಬೇರೆಡೆ ದೊಡ್ಡದನ್ನು ಮಾಡಿಕೊಳ್ಳುತ್ತದೆ. ಒಂದು ಮಡಿಕೆಯನ್ನು ಉಗುರಿನಿಂದ ನಿಧಾನವಾಗಿ ಎಬ್ಬಿಸಿ ನೋಡಿ: ಎಳೆಗಳು ಒಂದೊಂದಾಗಿ ಹರಿಯುವುದು ಬೆರಳಿಗೆ ತಿಳಿಯುತ್ತದೆ, ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಹಿಕ್ಕೆಗಳಿರುತ್ತವೆ, ಬೆಳಕು ಬಿದ್ದ ಕೂಡಲೇ ಹುಳು ಹಿಂದೆ ಹಿಂದೆ ಸರಿದು, ಇನ್ನೂ ಕೆಣಕಿದರೆ ನೂಲೊಂದನ್ನು ಬಿಟ್ಟುಕೊಂಡು ಕೆಳಗಿಳಿಯುತ್ತದೆ. ಕಾಡಿನ ದಾರಿಯಲ್ಲಿ ಜೂನ್ ತಿಂಗಳಿನಲ್ಲಿ ಮುಖಕ್ಕೆ ತಾಗುವ ನೂಲುಗಳಲ್ಲಿ ಹಲವು ಇವುಗಳವೇ. ಮೈಮೇಲೆ ಬಿದ್ದರೆ ಹೆದರಬೇಕಾಗಿಲ್ಲ. ನುಗ್ಗೆಯ ಕಂಬಳಿಹುಳದಂತೆ ಇದಕ್ಕೆ ಚುಚ್ಚುವ ಕೂದಲಿಲ್ಲ, ತುರಿಕೆ ಬರುವುದಿಲ್ಲ.

ಹುಳುವಿನ ಬಣ್ಣವನ್ನು ಬರೆದಿಡುವುದಕ್ಕೆ ಬೇರೆ ಕಾರಣವಿದೆ. ವಿರಳವಾಗಿ ಬೆಳೆದವು ಹಸಿರು ಕಡೆಗೆ ವಾಲಿರುತ್ತವೆ. ಒತ್ತೊತ್ತಾಗಿ ಬೆಳೆದವು ಕಪ್ಪಾಗಿದ್ದು, ಮೈಯುದ್ದಕ್ಕೆ ಬಿಳಿ, ಕಿತ್ತಳೆ ಪಟ್ಟೆಗಳನ್ನು ಹೊಂದಿರುತ್ತವೆ. ಕಪ್ಪು ಹುಳುಗಳೇ ಕಾಣುತ್ತಿದ್ದರೆ ಸುತ್ತಲಿನ ಗಿಡಗಳಲ್ಲೂ ದೊಡ್ಡ ಸಂಖ್ಯೆಯಲ್ಲಿವೆ ಎಂದು ಊಹಿಸಬಹುದು. ಪೂರ್ತಿ ಬೆಳೆದ ಹುಳು ನಾಲ್ಕು ಸೆಂಟಿಮೀಟರ್‌ನ ಆಸುಪಾಸಿನಲ್ಲಿರುತ್ತದೆ.

ಮೇಲಿನ ಎಲೆ ಕಾಣದ ಎತ್ತರದ ಮರಗಳಿಗೆ ಹಿಕ್ಕೆಯೇ ಅಳತೆಗೋಲು. ಸಂಜೆ ಮರದ ಕೆಳಗೆ ಧೋತರವನ್ನು ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಬೆಳಗಿನ ಜಾವ ಮಳೆ ಬರುವ ಮುನ್ನ ಎತ್ತಿ ನೋಡಬೇಕು. ಕಾಳು ಸಣ್ಣದಿದ್ದರೆ ಹುಳು ಸಣ್ಣದು, ಜೋಳದ ನುಚ್ಚಿನಷ್ಟಿದ್ದರೆ ಕೊನೆಯ ಹಂತದ್ದು. ಹುಳು ಒಟ್ಟು ತಿನ್ನುವುದರಲ್ಲಿ ಬಹುಪಾಲನ್ನು ಕೊನೆಯ ಮೂರ್ನಾಲ್ಕು ದಿನಗಳಲ್ಲಿ ತಿನ್ನುವುದರಿಂದ ಆ ದಿನಗಳ ಹಿಕ್ಕೆ ಸದ್ದು ಮಾಡುತ್ತದೆ. ದೇವಿಕೊಪ್ಪದ ಕಡೆಯ ಕಾಡಿನಲ್ಲಿ ಒಮ್ಮೆ ನನ್ನೊಡನೆ ಬಂದಿದ್ದ ಹುಡುಗ ಕೊಡೆ ಬಿಚ್ಚಿ, ಕೈ ಹೊರಗೆ ಚಾಚಿ, “ಕಾಕಾ, ಮಳಿ ಸಪ್ಪಳ ಕೇಳಾಕತ್ತೈತಿ, ಕೈ ಮಾತ್ರ ತೋಯವಲ್ದು” ಎಂದ. ಒಣಗಿದ ಸಾಗವಾನಿ ಎಲೆಗಳ ಮೇಲೆ ಹಿಕ್ಕೆ ಉದುರುವ ಶಬ್ದ ತುಂತುರು ಮಳೆಯಿಂದ ಬೇರೆ ಮಾಡಲಾಗದಷ್ಟು ಹತ್ತಿರವಿರುತ್ತದೆ.

ಆ ಶಬ್ದ ನಿಂತ ದಿನ ಬಹಳ ಮುಖ್ಯ. ಅದನ್ನು ತಿಳಿಯದೆ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಬೇಕು. ಬದುವಿನ ನಲವತ್ತು ಗಿಡಗಳು ಒಂದು ವರ್ಷ ಬೋಳಾಗಿದ್ದನ್ನು ನೋಡಿ ಗಾಬರಿಯಿಂದ ಪೇಟೆಗೆ ಹೋದೆ. ಅಂಗಡಿಯವರು ಹುಳ ಎಂದು ಕೇಳಿದ್ದೇ ತಡ, ಎಷ್ಟು ದಿನದ ಹುಳ ಎಂದು ವಿಚಾರಿಸದೆ ಔಷಧದ ಬಾಟಲಿಯನ್ನು ಕೊಟ್ಟರು. ನಾನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಆಳು ಹಚ್ಚಿ, ಏಣಿ ಇಟ್ಟು, ಎರಡು ದಿನ ಸಿಂಪಡಿಸಿದ ಮೇಲೆ ಕೆಳಗೆ ಬಿದ್ದ ಎಲೆಯನ್ನು ಸುಮ್ಮನೆ ಸರಿಸಿದರೆ ನೆಲದ ತುಂಬ ಕಂದು ಕೋಶಗಳಿದ್ದವು. ಹುಳುಗಳು ನಾನು ಪೇಟೆಗೆ ಹೋಗುವ ಮೊದಲೇ ಮರದಿಂದ ಇಳಿದಿದ್ದವು. ಔಷಧ ತಾಗಿದ್ದು ಎಲೆಯ ನರಗಳಿಗೆ, ಇರುವೆ ಜೇಡಗಳಿಗೆ. ಇಪ್ಪತ್ತು ದಿನದಲ್ಲಿ ಮರಗಳು ತಾವಾಗಿಯೇ ಚಿಗುರಿದಾಗ ಆ ಆಳು ಅದನ್ನು ಔಷಧದ ಗುಣವೆಂದೇ ನಂಬಿದ.

ಆದ್ದರಿಂದ ಹಿಕ್ಕೆ ನಿಂತ ಮರುದಿನ ನೋಡಬೇಕಾದದ್ದು ನೆಲವನ್ನು. ಹುಳು ತೆಳುವಾದ ದರಕಿನ ಕೆಳಗೆ ಒಣ ಎಲೆಯ ಚೂರುಗಳನ್ನು ನೂಲಿನಿಂದ ಜೋಡಿಸಿ ಸಡಿಲವಾದ ಗೂಡು ಮಾಡಿಕೊಂಡು ಕೋಶವಾಗುತ್ತದೆ. ಮಳೆ ಹೆಚ್ಚಿ ನೆಲ ಹಸಿಯಾಗಿದ್ದರೆ ಕೆಳಗಿನ ಸಣ್ಣ ಗಿಡಗಳ ಹಸಿರೆಲೆಯನ್ನು ಮಡಚಿಕೊಂಡು ಅದರೊಳಗೇ ಇರುವುದುಂಟು. ನಾಲ್ಕೈದು ಕೋಶಗಳನ್ನು ಚೂರೆಲೆಯ ಸಮೇತ ಎತ್ತಿಕೊಂಡು ಬರಣಿಯಲ್ಲಿಟ್ಟು, ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ನೆರಳಿನಲ್ಲಿ ಇಡಬೇಕು. ತಗಡಿನ ಮುಚ್ಚಳ ಹಾಕಿದರೆ ಒಳಗೆ ಬೆವತು ಬೂಸು ಹಿಡಿಯುತ್ತದೆ. ಪತಂಗ ಹೊರಬಂದಾಗ ರೆಕ್ಕೆ ಹರಡಿಕೊಳ್ಳಲು ಹತ್ತುವುದಕ್ಕೆ ಒಂದು ಕಡ್ಡಿ ನಿಲ್ಲಿಸಿಡಬೇಕು. ಜಾವಾದ್ವೀಪದ ಸಾಗವಾನಿ ಕಾಡುಗಳ ಜನ ಇದೇ ಕೋಶಗಳನ್ನು ಮಳೆಗಾಲದ ಆರಂಭದಲ್ಲಿ ಬುಟ್ಟಿಗಟ್ಟಲೆ ಆರಿಸಿ, ಒಗ್ಗರಣೆ ಹಾಕಿದಂತೆ ಹುರಿದು ತಿನ್ನುತ್ತಾರೆ. ನಮ್ಮಲ್ಲಿ ಆ ಕೆಲಸವನ್ನು ಗೊರವಂಕ ಮತ್ತು ಹರಟೆಮಲ್ಲಗಳು ಮಾಡುತ್ತವೆ.

ಹೊರಬರುವ ಪತಂಗ ನೋಡಲು ಮೊದಲ ಕ್ಷಣಕ್ಕೆ ನಿರಾಶೆ ತರಿಸುತ್ತದೆ. ರೆಕ್ಕೆ ಬಿಚ್ಚಿದರೆ ಮೂರರಿಂದ ನಾಲ್ಕು ಸೆಂಟಿಮೀಟರ್. ಮುಂದಿನ ರೆಕ್ಕೆಗಳು ಒಣ ಎಲೆಯ ಬೂದುಗಂದು ಬಣ್ಣದವು. ತಲೆಯ ಮುಂದೆ, ಬಾಯಿಯ ಬಳಿ, ಕೊಕ್ಕಿನಂತೆ ಚಾಚಿದ ಎರಡು ಸ್ಪರ್ಶಾಂಗಗಳಿರುತ್ತವೆ, ಈ ಕುಟುಂಬದ ಪತಂಗಗಳನ್ನು ಗುರುತಿಸಲು ಅದು ನೆರವಾಗುತ್ತದೆ. ಕುಳಿತಾಗ ಮುಂದಿನ ರೆಕ್ಕೆಗಳು ಹಿಂದಿನವನ್ನು ಪೂರ್ತಿ ಮುಚ್ಚುತ್ತವೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದಾಗ ಮುಂದಿನ ರೆಕ್ಕೆ ಸರಿದು, ಕಪ್ಪುಗಂದು ಬಣ್ಣದ ಹಿಂದಿನ ರೆಕ್ಕೆಯ ಮೇಲೆ ಕಿತ್ತಳೆ-ಹಳದಿಯ ಮಚ್ಚೆಗಳು ಇಳಕಲ್ಲ ಸೀರೆಯ ಸೆರಗು ಬಿಚ್ಚಿದಂತೆ ಒಮ್ಮೆಲೇ ಕಾಣುತ್ತವೆ. ಚಿತ್ರ ತೆಗೆಯುವವರು ಆ ಹಿಂದಿನ ರೆಕ್ಕೆ ಕಾಣುವಂತೆ ತೆಗೆಯಬೇಕು, ಮುಂದಿನ ರೆಕ್ಕೆಯೊಂದರಿಂದಲೇ ಜಾತಿ ನಿರ್ಧರಿಸುವುದು ಕಷ್ಟ.

ಬೆಳಕಿಗೆ ಕರೆಯುವುದಾದರೆ ಪಡಸಾಲೆಯ ಹೊರಗೆ ಬಿಳಿ ಬಟ್ಟೆ ಕಟ್ಟಿ ಅದರ ಮುಂದೆ ಟ್ಯೂಬ್‌ಲೈಟ್ ಹಚ್ಚಿದರೆ ಸಾಕು. ಹಳದಿ ಬೆಳಕಿನ ಎಲ್‌ಇಡಿಗೆ ಪತಂಗಗಳು ಅಷ್ಟಾಗಿ ಬರುವುದಿಲ್ಲ, ಅವಕ್ಕೆ ನೇರಳೆಯತ್ತ ವಾಲಿದ ಬೆಳಕು ಬೇಕು. ಮಳೆ ಬಿದ್ದ ಸಂಜೆ ಮೊದಲು ಈಸಲುಹುಳುಗಳು ಮುತ್ತುತ್ತವೆ. ಅವುಗಳ ಗಲಾಟೆ ಮುಗಿಯುವವರೆಗೆ ಊಟ ಮಾಡಿಬರುವುದು ಉತ್ತಮ.

ಒಂದು ಪ್ರಶ್ನೆ ಇಲ್ಲಿ ಏಳುತ್ತದೆ. ಒಂದು ತೋಪಿನಲ್ಲಿ ಲಕ್ಷಗಟ್ಟಲೆ ಕೋಶಗಳು ಒಡೆದ ಮೇಲೆ ಅದೇ ತೋಪಿನ ಹೊಸ ಚಿಗುರನ್ನು ಮುಂದಿನ ತಲೆಮಾರು ಮತ್ತೆ ತಿನ್ನಬೇಕಲ್ಲವೇ? ಸಾಮಾನ್ಯವಾಗಿ ಹಾಗಾಗುವುದಿಲ್ಲ. ಹೊರಬಂದ ಪತಂಗಗಳು ಗುಂಪಾಗಿ ಜಾಗ ಬಿಟ್ಟು ಹೋಗುತ್ತವೆ. ಚಿಗುರೆಲೆ ಸಿಗುವ ಬೇರೆ ಕಡೆ ಇಳಿದು ಮೊಟ್ಟೆ ಇಡುತ್ತವೆ. ಹೀಗಾಗಿಯೇ ಪಕ್ಕಪಕ್ಕದ ಎರಡು ತೋಪುಗಳಲ್ಲಿ ಒಂದು ಬೋಳು, ಒಂದು ಹಸಿರು ಇರುವುದು. ಇನ್ನೊಂದು ವಿಷಯವೆಂದರೆ ಈ ಜಾತಿಯಲ್ಲಿ ತಿಂಗಳುಗಟ್ಟಲೆ ಕೋಶದಲ್ಲಿ ಮಲಗಿ ಕಾಲ ಕಳೆಯುವ ಹಂತ ಕಂಡುಬಂದಿಲ್ಲ. ಟಸರ್ ರೇಷ್ಮೆಯ ಪತಂಗ ಬೇಸಿಗೆಯನ್ನು ಕೋಶದೊಳಗೇ ದಾಟುತ್ತದೆ. ಇದು ಹಾಗಲ್ಲ, ವರ್ಷವಿಡೀ ಎಲ್ಲಿಯಾದರೂ ಕೆಲವು ಹುಳುಗಳು ತಿನ್ನುತ್ತಲೇ ಇರಬೇಕು. ಸಾಗವಾನಿ ಬೋಳಾಗಿರುವ ತಿಂಗಳುಗಳಲ್ಲಿ ನೀರಿನ ಆಸರೆಯಿರುವ ಕಡೆ ಹಸಿರಾಗಿ ಉಳಿದ ಸಾಗವಾನಿ ಸಸಿಗಳನ್ನೂ ಹಳ್ಳದ ದಂಡೆಯ ಲಕ್ಕಿಯನ್ನೂ ನೋಡಬೇಕೆನ್ನುವುದು ಈ ಕಾರಣಕ್ಕೆ. ಜನವರಿ, ಫೆಬ್ರುವರಿಯಲ್ಲಿ ಅಂಥ ಕಡೆ ಒಂದು ಮಡಿಕೆ ಸಿಕ್ಕರೂ ಅದು ಜೂನ್‌ನ ಸಾವಿರ ಮಡಿಕೆಗಿಂತ ಬರೆದಿಡಲು ಯೋಗ್ಯವಾದದ್ದು.

ಹುಳುಗಳ ಶತ್ರುಗಳಲ್ಲಿ ಕಣ್ಣಿಗೆ ಕಾಣದ ಒಂದಿದೆ. ಎಲೆಯ ಅಂಚಿಗೆ ಹಿಂಗಾಲುಗಳಿಂದ ಅಂಟಿ, ತಲೆ ಕೆಳಗಾಗಿ ಜೋತು ಬಿದ್ದು ಸತ್ತಿರುವ, ಮುಟ್ಟಿದರೆ ಚರ್ಮ ಹರಿದು ಬೆಳ್ಳಗಿನ ರಸ ಸೋರುವ ಹುಳುಗಳು ಸಿಕ್ಕರೆ ಅವು ಈ ಜಾತಿಗೇ ತಗಲುವ ವೈರಾಣುವಿನಿಂದ ಸತ್ತಿರಬಹುದು. ತ್ರಿಶೂರಿನ ಹತ್ತಿರ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಈ ವೈರಾಣುವನ್ನು ಅಧ್ಯಯನ ಮಾಡಿ, ಅದನ್ನೇ ಸಿಂಪಡಿಸಿ ಹುಳುವನ್ನು ಹತೋಟಿಗೆ ತರುವ ವಿಧಾನವನ್ನು ರೂಪಿಸಿದ್ದಾರೆ. ಜೋತುಬಿದ್ದ ಹುಳುಗಳಿರುವ ಗಿಡಕ್ಕೆ ಏನನ್ನೂ ಸಿಂಪಡಿಸಬಾರದು. ರಸ ಮಳೆನೀರಿನೊಡನೆ ಕೆಳಗಿನ ಎಲೆಗಳಿಗೆ ಇಳಿದು ಉಳಿದವುಗಳಿಗೂ ಹರಡುತ್ತದೆ.

ಈಗ ಗಿಡದ ಒಡೆಯನ ಲೆಕ್ಕಕ್ಕೆ ಬರೋಣ. ಹುಳ ತಿಂದ ಸಾಗವಾನಿ ಸಾಯುವುದಿಲ್ಲ, ಆದರೆ ನಷ್ಟವಿಲ್ಲವೆಂದೂ ಹೇಳುವಂತಿಲ್ಲ. ಮೇಲೆ ಹೇಳಿದ ಸಂಸ್ಥೆಯವರು ಕೇರಳದ ನಿಲಂಬೂರಿನ ಎಳೆಯ ತೋಪಿನಲ್ಲಿ ಐದು ವರ್ಷ ಅಳೆದು ನೋಡಿದಾಗ, ಹುಳುವಿನಿಂದ ರಕ್ಷಿಸಿದ ಮರಗಳು ವರ್ಷಕ್ಕೆ ಹೆಕ್ಟೇರಿಗೆ 6.7 ಘನ ಮೀಟರ್ ಬೆಳೆದರೆ ರಕ್ಷಿಸದ ಮರಗಳು 3.7 ಘನ ಮೀಟರ್ ಮಾತ್ರ ಬೆಳೆದವು. ಬೆಳೆಯಬಹುದಾಗಿದ್ದ ಕಟ್ಟಿಗೆಯಲ್ಲಿ 44 ಶೇಕಡಾ ಹೋಯಿತು. ನಿಲಂಬೂರಿನ ಮಳೆ ಬೇರೆ, ನಮ್ಮದು ಬೇರೆ. ಈ ಅಂಕಿಯನ್ನು ಹಾಗೆಯೇ ಕಲಘಟಗಿಗೆ ತಂದು ಹಚ್ಚಬಾರದು. ದೊಡ್ಡ ಮರಗಳ ತುದಿಗೆ ಔಷಧ ತಲುಪಿಸುವ ಖರ್ಚು, ಅದರಿಂದ ಹಕ್ಕಿ ಮತ್ತು ಜೇನಿಗೆ ಆಗುವ ಹಾನಿ ನೋಡಿದರೆ ಬದುವಿನ ಬೆಳೆದ ಮರಗಳನ್ನು ಅವುಗಳ ಪಾಡಿಗೆ ಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಸಸಿಗಳ ಮಾತು ಬೇರೆ. ಎರಡು ಮೂರು ವರ್ಷದ ಗಿಡದಲ್ಲಿ ತುದಿಯ ಮೊಗ್ಗನ್ನೇ ಹುಳು ತಿಂದರೆ ಗಿಡ ಕವಲೊಡೆಯುತ್ತದೆ, ನೆಟ್ಟನೆಯ ತೊಲೆ ಸಿಗುವುದಿಲ್ಲ. ಅಂಥವುಗಳನ್ನು ಐದನೆಯ ದಿನದಿಂದ ಪ್ರತಿ ಬೆಳಗ್ಗೆ ನೋಡಿ, ಮಡಿಕೆ ಕಂಡಲ್ಲಿ ಬೆರಳಿನಿಂದ ಹಿಸುಕಿದರೆ ಇಪ್ಪತ್ತು ಸಸಿಗೆ ಅರ್ಧ ತಾಸು ಸಾಕು. ಸಸಿಗಳು ನೂರಾರಿದ್ದರೆ ಬಿಟಿ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್) ಎಂಬ, ಮರಿಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿಯನ್ನು ನೀರಿನಲ್ಲಿ ಕಲಸಿ, ಹುಳು ಸಣ್ಣದಿರುವಾಗಲೇ, ಸಂಜೆಯ ಹೊತ್ತು ಎಲೆಯ ಎರಡೂ ಬದಿಗೆ ತಾಗುವಂತೆ ಸಿಂಪಡಿಸಬಹುದು. ಪ್ರಮಾಣ ಪೊಟ್ಟಣದ ಮೇಲೆ ಬರೆದಷ್ಟೇ ಇರಲಿ. ಹುಳು ಅದನ್ನು ತಿಂದರೆ ಮಾತ್ರ ಕೆಲಸ ಮಾಡುತ್ತದೆ, ಆದ್ದರಿಂದ ಕೋಶವಾದ ಮೇಲೆ ಹೊಡೆಯುವುದು ವ್ಯರ್ಥ. ಹಾವೇರಿ ಜಿಲ್ಲೆಯಂತೆ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರು ನೆರೆಯಲ್ಲಿದ್ದರೆ ಇದನ್ನು ಮುಟ್ಟಲೇಬೇಡಿ. ಗಾಳಿಯಲ್ಲಿ ಹಾರಿ ಅವರ ಸೊಪ್ಪಿಗೆ ಬಿದ್ದ ಪುಡಿ ರೇಷ್ಮೆಹುಳುವನ್ನೂ ಕೊಲ್ಲುತ್ತದೆ.

ಮಳೆಗಾಲ ಹಿಂದೆ ಸರಿದ ಮೇಲೆ ಸಾಗವಾನಿ ಮತ್ತೊಮ್ಮೆ ಒಣಗಿದಂತೆ ಕಂಡರೆ ಅದನ್ನು ಈ ಪತಂಗದ ಲೆಕ್ಕಕ್ಕೆ ಬರೆಯುವ ಮೊದಲು ಒಂದು ಎಲೆಯನ್ನು ಕಿತ್ತು ಬೆಳಕಿಗೆ ಹಿಡಿಯಬೇಕು. ಜೂನ್‌ನ ಹುಳು ಸಣ್ಣ ನರಗಳನ್ನೂ ಸೇರಿಸಿ ತಿಂದು ದಪ್ಪ ನರಗಳನ್ನು ಮಾತ್ರ ಬಿಡುತ್ತದೆ. ಎಲ್ಲ ಸಣ್ಣ ನರಗಳೂ ಹಾಗೆಯೇ ಉಳಿದು, ಎಲೆ ಸೊಳ್ಳೆಪರದೆಯಂತೆ ಜಾಳುಜಾಳಾಗಿ ಕಂದಾಗಿದ್ದರೆ ಅದು ಯುಟೆಕ್ಟೋನಾ ಮೆಕೆರಾಲಿಸ್ ಎಂಬ ಬೇರೆ ಪತಂಗದ ಮರಿಯದು. ಅದು ಎಲೆಯ ಮೇಲೆ ತೆಳುವಾದ ನೂಲಿನ ಹೊದಿಕೆಯಡಿ ಇದ್ದು ನರಗಳ ನಡುವಿನ ಹಸಿರನ್ನಷ್ಟೇ ಕೆರೆದು ತಿನ್ನುತ್ತದೆ. ಅದರ ಪತಂಗ ಇನ್ನೂ ಚಿಕ್ಕದು, ಹಳದಿ ರೆಕ್ಕೆಯ ಮೇಲೆ ಕೆಂಪು ಅಂಕುಡೊಂಕು ಗೆರೆಗಳಿರುತ್ತವೆ. ಮರದ ಆ ವರ್ಷದ ಬೆಳವಣಿಗೆ ಬಹುತೇಕ ಮುಗಿದ ಮೇಲೆ ಬರುವುದರಿಂದ ಅದರಿಂದಾಗುವ ನಷ್ಟ ಗಣನೆಗೆ ಬರುವಂಥದ್ದಲ್ಲವೆಂದು ನಿಲಂಬೂರಿನ ಅದೇ ಅಳತೆಯಲ್ಲಿ ತಿಳಿದುಬಂದಿದೆ. ಎರಡೂ ಬಗೆಯ ಎಲೆಯನ್ನು ಒಂದೊಂದು ಒಣಗಿಸಿ, ದಿನಾಂಕ ಬರೆದು, ನೋಟುಬುಕ್ಕಿನ ಎದುರುಬದುರು ಪುಟಗಳಿಗೆ ಅಂಟಿಸಿಟ್ಟರೆ ಮುಂದಿನ ವರ್ಷ ಗಿಡದ ಬಳಿ ನಿಂತು ಹೋಲಿಸಿ ನೋಡಲು ಬರುತ್ತದೆ.